ತಮ್ಮನ ಕೂದಲು ಬಂದ ದಾರಿ

ಟಿಕೆಟ್ ಕಿಟಕಿಯಲ್ಲಿ ಕೂತಿದ್ದವನು ನನ್ನ ತಮ್ಮನ ಮುಖ ನೋಡಿದ, ಕೂದಲು ನೋಡಿದ, ಮತ್ತೊಮ್ಮೆ ಮುಖ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿ ಪಕ್ಕದ ಕಿಟಕಿಯತ್ತ ಕೈ ಮಾಡಿದ. ಆ ಕಿಟಕಿಯ ಮೇಲೆ ‘ವಿದೇಶಿ ಪ್ರವಾಸಿಗರಿಗೆ’ ಎಂದು ಬರೆದಿತ್ತು.

ನಾವಿಬ್ಬರೂ ಗಡಿಯಾಚೆ ಮಹಾರಾಷ್ಟ್ರದ ಉಮದಿಯಿಂದ ವಿಜಯಪುರಕ್ಕೆ ಹೋದದ್ದು ನನ್ನ ಕನ್ನಡಕಕ್ಕೆ. ಅಂಗಡಿಯವರು ಎರಡು ತಾಸು ಬಿಟ್ಟು ಬರ್ರಿ ಎಂದಿದ್ದರು. ಅಷ್ಟು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನೊಣ ಹೊಡೆಯುತ್ತ ಕೂರುವ ಜಾಯಮಾನ ನನ್ನದಲ್ಲ. “ಹುಟ್ಟಿದಾಗಿಂದ ಈ ಊರಿಗಿ ಬರಾಕತ್ತೀವಿ, ಒಂದ ದಿನಾನೂ ಒಳಗ ಹೋಗಿ ನೋಡಿಲ್ಲ, ನಡಿ” ಎಂದು ತಮ್ಮನನ್ನು ಎಳೆದುಕೊಂಡು ಹೋದೆ. ಒಂದು ಹಳೆಯ ಕಟ್ಟಡ, ಅದರ ಮಗ್ಗುಲಿಗೆ ಸಣ್ಣ ಸಂಗ್ರಹಾಲಯ. ಯಾವುದು ಎಂದು ಹೇಳುವುದಿಲ್ಲ. ಅಲ್ಲಿನವರ ಮೇಲೆ ನನಗೆ ಈಗ ಸಿಟ್ಟಿಲ್ಲ, ಅವತ್ತು ಮಾತ್ರ ಇತ್ತು.

“ಯಾವ ವಿದೇಶನೋ ತಮ್ಮಾ?” ಎಂದೆ ಕಿಟಕಿಯವನಿಗೆ. “ಇಂವ ಉಮದಿಯಾಂವ. ಗಾದಿ ಹೊಲಿಯಾಂವ. ನನ್ನ ಒಡಹುಟ್ಟಿದಾಂವ.”

ಅವನು ಈಗ ನನ್ನನ್ನು ನೋಡಿದ. ನನ್ನದು ಗೋಧಿ ಬಣ್ಣ, ಎಣ್ಣೆ ಹಚ್ಚಿ ಬಾಚಿದರೆ ಅಲುಗಾಡದ ನೆಟ್ಟನೆ ಕೂದಲು. ತಮ್ಮನದು ಕಪ್ಪು ಮೈ, ಬೆರಳು ತೂರಿಸಿದರೆ ಸಿಕ್ಕಿಕೊಳ್ಳುವಷ್ಟು ಬಿಗಿಯಾದ ಗುಂಗುರು. “ಸಿಟ್ಟ ಆಗಬ್ಯಾಡ್ರಿ ಅಕ್ಕಾರ, ಆಧಾರ ಕಾರ್ಡ ತೋರಸ್ರಿ ಸಾಕು” ಎಂದ. ಕಾರ್ಡು ಮರಾಠಿಯಲ್ಲಿತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮಹಾರಾಷ್ಟ್ರದಾವ್ರು ಇಷ್ಟ ಚಲೋ ಕನ್ನಡ ಮಾತಾಡ್ತೀರಲ್ರಿ” ಎಂದು ಹೊಗಳಿದ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಅರ್ಧ ಆಯುಷ್ಯ ಅಆಇಈ ತಿದ್ದಿಸಿದವಳು ನಾನು. ಮೈಯೆಲ್ಲ ಉರಿದುಹೋಯಿತು. ತಮ್ಮ ಮಾತ್ರ ಪಕಪಕ ನಗುತ್ತಿದ್ದ.

ನಮ್ಮ ಕಡೆಯವರಿಗೆ ‘ನೀವು ಎಲ್ಲಿಯವರು’ ಎಂಬ ಪ್ರಶ್ನೆ ಹೊಸದಲ್ಲ. ಸಾಂಗ್ಲಿಗೆ ಹೋದರೆ ನಾವು ಕಾನಡಿ ಮಂದಿ. ವಿಜಯಪುರಕ್ಕೆ ಬಂದರೆ ಮಹಾರಾಷ್ಟ್ರದವರು. ಸಾಬರು ಎಂದು ಗೊತ್ತಾದರೆ ಕೆಲವರು ನಮ್ಮನ್ನು ಇನ್ನೂ ದೂರಕ್ಕೆ ಕಳಿಸುತ್ತಾರೆ. ಆದರೆ ಇಷ್ಟು ದಿನ ಕೇಳಿದವರೆಲ್ಲ ನನ್ನನ್ನೂ ತಮ್ಮನನ್ನೂ ಒಂದೇ ಕಡೆಗೆ ಕಳಿಸಿದ್ದರು. ಇಬ್ಬರನ್ನೂ ಬೇರೆ ಬೇರೆ ಕಿಟಕಿಗೆ ಕಳಿಸಿದವನು ಇವನೇ ಮೊದಲಿಗ.

ಸಂಗ್ರಹಾಲಯದ ಒಳಗೆ ಒಬ್ಬ ಗೈಡ್ ಏಳೆಂಟು ಪ್ರವಾಸಿಗರಿಗೆ ಗೋಡೆಯ ಮೇಲಿನ ಚಿತ್ರ ತೋರಿಸುತ್ತಿದ್ದ. ಹಳೆಯ ಚಿತ್ರವೊಂದರ ದೊಡ್ಡ ಪ್ರತಿ. ಬಾದಶಹರ ಕಾಲದ ಸರದಾರ, ಕಪ್ಪು ಮೈ, ಬಿಳಿ ಅಂಗಿ, ಸೊಂಟಕ್ಕೆ ಕತ್ತಿ. ಹಬಶ ದೇಶದಿಂದ, ಅಂದರೆ ಆಫ್ರಿಕಾದ ಪೂರ್ವ ದಂಡೆಯ ಕಡೆಯಿಂದ, ಸಮುದ್ರ ದಾಟಿ ಬಂದವರು ಇವರು ಎಂದು ಗೈಡ್ ಹೇಳುತ್ತಿದ್ದ. ಎಷ್ಟೋ ಜನ ಗುಲಾಮರಾಗಿ ಮಾರಾಟವಾಗಿ ಬಂದರು, ಸಿಪಾಯಿಗಳಾದರು, ಕೆಲವರು ರಾಜ್ಯ ಆಳುವಷ್ಟು ದೊಡ್ಡವರಾದರು, ಉಳಿದವರು ಹಳ್ಳಿಗಳಲ್ಲಿ ನೆಲೆಸಿ ಜನರಲ್ಲಿ ಜನರಾಗಿ ಹೋದರು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಇಷ್ಟು ಹತ್ತಿರದ ಸಂಗತಿ ನನ್ನ ಪಾಠದ ಪುಸ್ತಕದಲ್ಲಿ ಇರಲಿಲ್ಲ.

ಗೈಡ್ ತಿರುಗಿದ. ತಮ್ಮನನ್ನು ಕಂಡು ಮಾತು ನಿಲ್ಲಿಸಿದ. “ಇನ್ನ ಚಿತ್ರ ಯಾಕ್ರಿ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಸಾಹೇಬ್ರ, ಬರ್ರಿ ಇಲ್ಲಿ. ನಿಮ್ಮ ಮುತ್ತ್ಯಾನ ಬಾಜೂಕ ನಿಂದರ್ರಿ.”

ಪ್ರವಾಸಿಗರು ಫೋನು ತೆಗೆದರು. ತಮ್ಮ ಚಿತ್ರದ ಪಕ್ಕ ನಿಂತ, ಎದೆ ಉಬ್ಬಿಸಿದ. ಹೋಲಿಕೆ ಇದ್ದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಗೈಡ್ ಅವನ ಫೋನ್ ನಂಬರು ಬರೆದುಕೊಂಡ.

ಕನ್ನಡಕ ಇಸಿದುಕೊಂಡು ತಿರುಗಿ ಬರುವಾಗ ತಮ್ಮ ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿದ್ದ. ಊರು ಹತ್ತಿರ ಬಂದಾಗ ಕೇಳಿದ: “ಅಕ್ಕಾ, ಹಂಗಾರ ನಾ ಅವರ ಪೈಕಿಯಾಂವ ಏನು?”

“ಯಾರ ಪೈಕಿಯಾಂವ ಆದ್ರೇನು? ಮದಲ ನಮ್ಮಾಂವ” ಎಂದೆ.

“ಖರೇನ ನಿಮ್ಮಾಂವೇನು?”

ನಾನು ನಾಲಿಗೆ ಕಚ್ಚಿಕೊಂಡೆ. ಯಾಕೆಂದರೆ ಈ ಪ್ರಶ್ನೆ ಅವನ ತಲೆಯೊಳಗೆ ಬಿತ್ತಿದವಳು ನಾನೇ. ಮನೆಯಲ್ಲಿ ಸಣ್ಣವರನ್ನು ‘ನಿನ್ನ ತೌಡು ಕೊಟ್ಟು ತಂದೀವಿ’ ಎಂದು ಕಾಡಿಸುವುದು ಎಲ್ಲ ಕಡೆ ಇದೆ. ಉಳಿದ ಮಕ್ಕಳು ಸ್ವಲ್ಪ ಹೊತ್ತು ಅತ್ತು, ಕನ್ನಡಿಯಲ್ಲಿ ಅಪ್ಪನ ಮೂಗು, ಅವ್ವನ ಕಣ್ಣು ಕಂಡು ಸುಮ್ಮನಾಗುತ್ತವೆ. ನಾನು ಏಳು ವರ್ಷ ದೊಡ್ಡವಳು, ಬಾಯಿಬಡುಕಿ. ಯಾರೋ ದಾರಿಹೋಕರು ನಿನ್ನನ್ನು ಕೊಟ್ಟು ಎರಡು ಸೇರು ತೌಡು ಒಯ್ದರು, ಬೇಕಾದರೆ ಕನ್ನಡಿ ನೋಡಿಕೋ ಎಂದಿದ್ದೆ. ಅವನು ನೋಡಿಕೊಂಡ. ಅಪ್ಪನದು, ಅವ್ವನದು, ನನ್ನದು ಎಲ್ಲರದೂ ನೆಟ್ಟನೆ ಕೂದಲು. ಕನ್ನಡಿ ನನ್ನ ಕಡೆಗೇ ಸಾಕ್ಷಿ ಹೇಳಿತು.

ಅವನು ಅಪ್ಪನನ್ನು ಕೇಳಿದ್ದ. ಅಪ್ಪ ಹತ್ತಿಯ ಅರಳೆ ಹಿಂಜುವ ಬಿಲ್ಲು ಕೆಳಗಿಟ್ಟು ನಕ್ಕು, ಅವನ ತಲೆ ಸವರಿ, ಏನೂ ಹೇಳದೆ ಮತ್ತೆ ಬಿಲ್ಲು ಎತ್ತಿಕೊಂಡಿದ್ದ. ಶಾಲೆಯಲ್ಲಿ ಹುಡುಗರು ಗುಂಗ್ರ್ಯಾ ಎಂದರು, ಸಂತೆಯಲ್ಲಿ ವ್ಯಾಪಾರಿಗಳೂ ಹಾಗೇ ಕರೆದರು. ಅವನಿಗೆ ಮದುವೆಯಾಯಿತು, ಮಕ್ಕಳಾದವು, ಮಕ್ಕಳ ಕೂದಲೂ ತಾಯಿಯಂತೆ ನೆಟ್ಟಗೆ ಬಂತು. ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಎಲ್ಲ ಮರೆತಿದ್ದಾನೆ ಎಂದುಕೊಂಡಿದ್ದೆ. ಅರ್ಧ ತಲೆ ನರೆತ ಮೇಲೂ ಅವನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಇದ್ದ.

ಅವತ್ತಿನಿಂದ ನನಗೆ ತಲೆಗಳ ಹುಚ್ಚು ಹಿಡಿಯಿತು. ಶಾಲೆಯಲ್ಲಿ ಹಾಜರಿ ಕರೆಯುವಾಗ ಮಕ್ಕಳ ಕೂದಲು ನೋಡುವುದು, ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಟೋಪಿಯ ಅಂಚು ನೋಡುವುದು. ಎಲ್ಲ ಜಾತಿಯಲ್ಲೂ ಒಂದೊಂದು ಗುಂಗುರು ತಲೆ ಕಂಡಿತು. ತರಗತಿಯ ನಕಾಶೆಯ ಮೇಲೆ ಕೋಲಿಟ್ಟು, ಆಫ್ರಿಕಾದ ದಂಡೆಯಿಂದ ಕೊಂಕಣಕ್ಕೆ, ಕೊಂಕಣದಿಂದ ಘಟ್ಟ ಹತ್ತಿ ವಿಜಯಪುರಕ್ಕೆ ದಾರಿ ಎಳೆದೆ. ಅಷ್ಟೆಲ್ಲ ದೂರದಲ್ಲಿ ವಿಜಯಪುರದಿಂದ ಉಮದಿ ಎಂದರೆ ಬೆರಳಿನ ಉಗುರಿನಷ್ಟೂ ಇರಲಿಲ್ಲ. ಅಲ್ಲಿಯತನಕ ಬಂದವರು ಇಲ್ಲಿಗೆ ಬರದೆ ಇರಲು ಕಾರಣವೇ ಕಾಣಲಿಲ್ಲ.

ನಮ್ಮ ಓಣಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಹಿರಿಯರೊಬ್ಬರಿದ್ದಾರೆ, ಮೂರು ಪಟ್ಟೆ ವಿಭೂತಿ ಹಚ್ಚದೆ ಅಂಗಡಿ ತೆರೆಯದವರು. ಅವರನ್ನು ಕೇಳಿದೆ. “ಬಾಯಾರ, ಋಷಿ ಮೂಲ, ನದಿ ಮೂಲ ಕೇಳಬಾರದಂತಾರ” ಎಂದರು.

“ನಾ ಕೇಳಾಕತ್ತಿದ್ದು ಕೂದಲದ್ದು, ಕಾಕಾರ. ಅದನ್ನ ಕೇಳಬಾರದಂತ ಯಾರೂ ಹೇಳಿಲ್ಲ.”

ನಕ್ಕರು. ಅವರ ಹಿರಿಯರೂ ಕಲ್ಯಾಣದ ಕಡೆಯಿಂದ ಓಡಿ ಬಂದವರಂತೆ, ಯಾವಾಗ, ಯಾಕೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ. “ಆದ್ರ ನಮಗ ಯಾರೂ ಕೇಳಂಗಿಲ್ರಿ. ನಮ್ಮ ತಲಿ ನೋಡಿದ್ರ ಏನೂ ತಿಳಿಯಂಗಿಲ್ಲಲ್ಲ” ಎಂದರು. ಈ ಮಾತು ನನಗೆ ಭಾಳ ದಿನ ಕೊರೆಯಿತು. ಎಲ್ಲರೂ ಎಲ್ಲಿಂದಲೋ ಬಂದವರೇ, ಮೈಮೇಲೆ ಗುರುತು ಉಳಿದವರು ಮಾತ್ರ ಉತ್ತರ ಕೊಡಬೇಕು.

ಅಷ್ಟರಲ್ಲಿ ಗೈಡನ ಫೋನು ಬಂದಿತ್ತು. ರವಿವಾರ ಪ್ರವಾಸಿಗರು ಹೆಚ್ಚು, ಸುಮ್ಮನೆ ಬಂದು ನಿಂತರೆ ಸಾಕು, ಬಸ್ಸಿನ ಖರ್ಚು ಮತ್ತು ಊಟ ತನ್ನದು ಎಂದನಂತೆ. ತಮ್ಮ ಹೋದ. ಮರುವಾರವೂ ಹೋದ. ಗೈಡ್ ಅವನಿಗೊಂದು ಕೆಂಪು ಮಖಮಲ್ಲಿನ ಅಂಗಿ ಹೊಲಿಸಿದ, ತಲೆಗೆ ರುಮಾಲು ಬೇಡ ಎಂದ. ಕೂದಲು ಕಾಣಬೇಕಲ್ಲ. ಜೀವಮಾನವೆಲ್ಲ ತಿಂಗಳಿಗೊಮ್ಮೆ ಕೂದಲು ಗಿಡ್ಡ ಮಾಡಿಸುತ್ತಿದ್ದ ನನ್ನ ತಮ್ಮ ಆ ಮಳೆಗಾಲದಲ್ಲಿ ಮೊದಲ ಸಲ ಕೂದಲು ಬೆಳೆಸಿದ, ಬೆಳೆಸಿ ಕನ್ನಡಿಯ ಮುಂದೆ ನಿಂತು ಎಣ್ಣೆ ಹಚ್ಚಿಕೊಂಡ. ಅದನ್ನು ನೋಡಿ ನನಗೆ ಖುಷಿಯಾಯಿತು. ಆ ಸಂತೋಷವನ್ನು ಅವನಿಗೆ ನಾವು ಯಾರೂ ಕೊಟ್ಟಿರಲಿಲ್ಲ.

ನನ್ನ ಕುತೂಹಲ ಸುಮ್ಮನೆ ಕೂರಬೇಕಲ್ಲ. ಒಂದು ರವಿವಾರ ನಾನೂ ಹೋದೆ. ಗೈಡ್ ಅವನನ್ನು ತೋರಿಸಿ, ಸರದಾರರ ಎಂಟನೆಯ ತಲೆಮಾರು ಎಂದ. ಮಧ್ಯಾಹ್ನದ ಗುಂಪಿಗೆ ಹತ್ತನೆಯ ತಲೆಮಾರು ಎಂದ. ಊಟ ಮಾಡಿ ಬರುವಷ್ಟರಲ್ಲಿ ಎರಡು ತಲೆಮಾರು ಹುಟ್ಟಿದ್ದವು. ನಾನು ಮೂಲೆಯಲ್ಲಿ ನಿಂತು ನಗು ತಡೆಯುತ್ತಿದ್ದೆ.

ಗುಂಪಿನಲ್ಲಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಗಮನಿಸಿ ತಮ್ಮನಿಗೆ ಕೇಳಿದಳು: “ಇವ್ರು ನಿಮ್ಮ ಮನೆಯವರಾ?”

ತಮ್ಮ ನನ್ನತ್ತ ನೋಡಿದ, ಗೈಡನತ್ತ ನೋಡಿದ. “ಇಲ್ರಿ, ನಮ್ಮ ಊರಾವ್ರು” ಎಂದ.

ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಬಸ್ಸು ಹತ್ತುವತನಕ ತಡೆದುಕೊಂಡೆ, ಹತ್ತಿದ ಮೇಲೆ ಬಾಯಿಗೆ ಬಂದಂತೆ ಬೈದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ತಮ್ಮ ಎಲ್ಲ ಕೇಳಿಸಿಕೊಂಡು, ಕಡ್ಡಿ ಮುರಿದ ಹಾಗೆ ಹೇಳಿದ:

“ನೀನ ಹೇಳಿದ್ದಿ ಅಲ್ಲ, ನಾ ನಿಮ್ಮಾಂವ ಅಲ್ಲಂತ. ನನಗ ಈಗ ನನ್ನ ಮಂದಿ ಸಿಕ್ಕಾರ. ಗ್ವಾಡಿ ಮ್ಯಾಲಿನ ಚಿತ್ರ ಆದ್ರೂ ನನ್ನ ಹಂಗ ಅದ.”

“ಹುಚ್ಚಪ್ಪಾ, ಅದು ಚಾಷ್ಟಿ. ಸಣ್ಣಾಕಿ ಇದ್ದೆ.”

“ನಾ ನಿನಕಿಂತ ಸಣ್ಣಾಂವ ಇದ್ದೆ.”

ಅವನು ನಮ್ಮವನೇ ಎಂದು ಖಾತ್ರಿಯಾಗಿ ಹೇಳಬಲ್ಲ ಜೀವ ಒಂದೇ ಉಳಿದಿತ್ತು, ಅಪ್ಪನ ಅಕ್ಕ, ನಮ್ಮ ಫುಪ್ಪು. ಅವಳನ್ನು ನಮ್ಮ ಊರಲ್ಲೇ ಕೊಟ್ಟಿತ್ತು, ಗಂಡ ತೀರಿದ ಮೇಲೆ ಬೆಳುಂಕಿ ಎಂಬ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಳು. ಅವಳು ಹೇಳಲಿ, ಕೇಳಿ ಬಿಡೋಣ ಎಂದೆ. “ಆಕಿ ಅಲ್ಲ ಅಂದ್ರ?” ಎಂದ ತಮ್ಮ. ಅಲ್ಲ ಎಂದರೆ ನನ್ನ ತಮ್ಮ ನನಗೆ ಉಳಿಯುವುದಿಲ್ಲ ಎಂದು ಅವತ್ತು ನಿಜವಾಗಿ ಹೆದರಿದೆ.

ಬೆಳುಂಕಿಗೆ ಹೋದಾಗ ಫುಪ್ಪು ಪಡಸಾಲೆಯಲ್ಲಿ ಕೂತು ಕಡಲೆ ಬಿಡಿಸುತ್ತಿದ್ದಳು. ಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಳಿಯ ಹೊಲಕ್ಕೆ ಹೋಗಿದ್ದ. ಫುಪ್ಪುವಿನ ತಲೆಗೆ ಎಂದಿನಂತೆ ಅರಿವೆ. ಅರಳೆ ಹಿಂಜುವ ನಮ್ಮ ಮನೆಗಳಲ್ಲಿ ಕೆಲಸಕ್ಕೆ ಕೂಡುವಾಗ ಎಲ್ಲರೂ ತಲೆಗೆ ಅರಿವೆ ಬಿಗಿಯುತ್ತಿದ್ದರು, ಇಲ್ಲದಿದ್ದರೆ ಕೂದಲ ತುಂಬ ಧೂಳು. ಕೆಲಸ ಮುಗಿದ ಮೇಲೆ ಉಳಿದವರು ಬಿಚ್ಚುತ್ತಿದ್ದರು, ಫುಪ್ಪು ಬಿಚ್ಚುತ್ತಿರಲಿಲ್ಲ. ಧೂಳಿನಿಂದ ಕಿವಿನೋವು ಹಿಡಿದಿದೆ, ಗಾಳಿ ತಾಗಬಾರದು ಎನ್ನುತ್ತಿದ್ದಳು. ಬಿಲ್ಲು ಹೋಗಿ ಮಶೀನು ಬಂದರೂ, ಅವಳು ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಅರಿವೆ ಹಾಗೇ ಇತ್ತು. ಮನೆಯೊಳಗೂ, ಮಲಗಿದಾಗಲೂ. ಎಲ್ಲದಕ್ಕೂ ಯಾಕೆ ಯಾಕೆ ಎನ್ನುವ ನಾನು ಆ ಅರಿವೆಗೆ ಮಾತ್ರ ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕಸಬಿನ ಮನೆಯಲ್ಲಿ ಹುಟ್ಟಿದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ನಾನೇ ಎಲ್ಲ ಹೇಳಿದೆ. ಕಿಟಕಿ, ಚಿತ್ರ, ಮಖಮಲ್ಲಿನ ಅಂಗಿ. ಫುಪ್ಪು ಕಡಲೆ ಬಿಡಿಸುವುದು ನಿಲ್ಲಿಸಲಿಲ್ಲ. “ಬೇಸಾತು, ಈಗ ನಮ್ಮ ಮನೆತನ ತಮಾಷೆಕ್ಕ ನಿಂತಿತು” ಎಂದಳು.

“ನಿಮ್ಮ ಮನೆತನ ಅಲ್ಲ ಫುಪ್ಪು,” ಎಂದ ತಮ್ಮ, “ನನ್ನದು. ನಾ ನಿಮ್ಮಾಂವ ಹೌದೋ ಅಲ್ಲೋ ಅದೊಂದ ಹೇಳು. ಏನ ಹೇಳಿದ್ರೂ ಸಿಟ್ಟ ಆಗಂಗಿಲ್ಲ.”

ಅವಳ ಕೈ ನಿಂತಿತು. “ಅಲ್ಲಂತ ಯಾರ ಅಂದ್ರು?”

“ನಾನ ಅಂದಿದ್ದೆ” ಎಂದೆ ನಾನು. “ಅಂವ ಇಷ್ಟುದ್ದ ಇದ್ದಾಗ.”

“ಅದನ್ನ ಇನ್ನಾ ಹಿಡಕೊಂಡಿಯಾ ನೀ?” ಎಂದಳು ತಮ್ಮನಿಗೆ. ಅವನು ನೆಲ ನೋಡುತ್ತ ಹೌದು ಎಂದು ತಲೆಯಾಡಿಸಿದ. ದೊಡ್ಡ ಗಂಡಸು, ಕಣ್ಣಲ್ಲಿ ನೀರು ಬಂದಿತ್ತು. ಫುಪ್ಪು ಕಡಲೆಯ ಬುಟ್ಟಿ ಪಕ್ಕಕ್ಕೆ ಸರಿಸಿ, ಸೆರಗು ಇಳಿಸಿ, ಹಿಂದೆ ಕೈ ಒಯ್ದು ಅರಿವೆಯ ಗಂಟು ಜಗ್ಗಿದಳು.

ಹಿಂಜಿದ ಅರಳೆಯ ಹಾಗೆ ಬಿಳಿ ಕೂದಲು ತಲೆಯ ಸುತ್ತ ಎದ್ದು ನಿಂತಿತು. ಬಿಗಿಯಾದ, ಸಣ್ಣ ಸಣ್ಣ ಸುರುಳಿ. ಬಣ್ಣ ಒಂದು ಬಿಟ್ಟರೆ ತಮ್ಮನ ತಲೆಯೇ. ರೊಟ್ಟಿ ಬಡಿಯುತ್ತಿದ್ದ ಮಗಳು ತಿರುಗಿ ನೋಡಲಿಲ್ಲ. ಅವಳಿಗೆ ಗೊತ್ತಿತ್ತು.

“ನಿಂದು ಎಲ್ಲಿಂದ ಬಂತಂದ್ರ ಇಲ್ಲಿಂದ ಬಂತು” ಎಂದಳು ಫುಪ್ಪು. “ನನಗ ನಮ್ಮವ್ವನಿಂದ ಬಂತು. ಆಕಿ ಶೇಗಾಂವದಾಕಿ.”

ನಾನು ಹುಟ್ಟುವ ಮೊದಲೇ ಸತ್ತುಹೋಗಿದ್ದ ನನ್ನ ಅಜ್ಜಿ. ನಕಾಶೆಯ ಮೇಲೆ ಸಮುದ್ರ ದಾಟಿ ನಾನು ಹುಡುಕುತ್ತಿದ್ದ ದೇಶ ನಮ್ಮ ತಾಲ್ಲೂಕಿನ ಶೇಗಾಂವದಲ್ಲೇ ಇತ್ತು. ತಡೆಯಲಾರದೆ ಕೇಳಿದೆ: “ಅಜ್ಜಿಗೆ ಎಲ್ಲಿಂದ ಬಂತು?”

“ಕೇಳಿದ್ರ ಬಡೀತಿದ್ಲು. ನಮ್ಮವ್ವನ ಲಗ್ನದಾಗ ಬೀಗಿತ್ತ್ಯಾರು ಆಕಿ ಕೂದಲಾ ನೋಡಿ ನಕ್ಕರಂತ. ಅವತ್ತಿಂದ ಆಕಿ ಅರಿವಿ ಕಟಗೊಂಡ್ಲು. ನನಗ ತಿಳುವಳಿಕಿ ಬಂದ ಮ್ಯಾಲ ನನಗೂ ಕಟ್ಟಿದ್ಲು.” ಆಮೇಲೆ ಅವಳೇ ಕೇಳಿದಳು: “ಆ ಚಿತ್ರದಾಗ ಹೆಣ್ಣಮಕ್ಕಳು ಅದಾರೇನು?”

“ಇಲ್ಲ ಫುಪ್ಪು. ಸರದಾರ ಒಬ್ಬನ.”

“ಮತ್ತ ಆ ಸರದಾರ ಇದನ್ನ ಟಪಾಲದಾಗ ಕಳಿಸಿದನೇನು?” ಎಂದಳು. ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು. ತಮ್ಮ ನಗಲಿಲ್ಲ.

“ಅಪ್ಪಗ ಗೊತ್ತಿತ್ತೇನು?” ಎಂದ.

“ಗೊತ್ತಿರದ ಏನು? ಅವ್ವನ ತಲಿ, ಅಕ್ಕನ ತಲಿ ನೋಡೇ ಬೆಳದಾಂವ. ನಾನ ಆಣಿ ಹಾಕಸಿದ್ದೆ, ಯಾರ ಮುಂದೂ ಅನಬಾರದಂತ.”

“ಊರೆಲ್ಲ ನನಗ ಗುಂಗ್ರ್ಯಾ ಅಂತು. ನೀ ಅಲ್ಲೇ ಕುಂತ ಕೇಳತಿದ್ದಿ. ಒಂದ ದಿನ, ನನ್ನ ಒಬ್ಬನ್ನ ಕರದು, ಈ ಗಂಟು ಬಿಚ್ಚಿ ತೋರಿಸಿದ್ದಿ ಅಂದ್ರ ನನಗ ಸಾಕಿತ್ತು.” ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

“ತಪ್ಪಾತಪಾ” ಎಂದಳು ಫುಪ್ಪು. “ನೀ ಗಂಡಸು. ನಿನಗ ಹೆಸರ ಇಟ್ಟು ಬಿಟ್ರು. ನನಗ ಗಂಡನ ಮನಿಯಾವ್ರು ಹೊರಗ ಹಾಕ್ತಿದ್ರು. ನನ್ನ ಜೀವಾ ಉಳಸ್ಕೋಳಾಕ ನಿನ್ನ ಒಬ್ಬನ್ನ ಬಿಟ್ಟೆ.”

ತಮ್ಮ ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ, ಸರಿದು ಅವಳ ಮಗ್ಗುಲಿಗೆ ಕೂತ. ಅವಳು ಅವನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಅವನು ಬೆರಳು ಆಡಿಸಿದ. ಬೆರಳು ಸಿಕ್ಕಿಕೊಂಡಿತು. ನನಗೆ ಆ ಕ್ಷಣ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಹುದು. ನಾವು ಮೂವರಲ್ಲಿ ಆ ಕೂದಲಿಲ್ಲದವಳು ನಾನೊಬ್ಬಳೇ ಆಗಿದ್ದೆ.

ಹೊರಗೆ ಮೋಟರ್ ಸೈಕಲ್ಲಿನ ಸಪ್ಪಳವಾಯಿತು. “ಅವ್ವಾ, ಬಂದ್ರು” ಎಂದಳು ಮಗಳು, ಒಲೆಯ ಮುಂದಿನಿಂದಲೇ. ಫುಪ್ಪು ಅರಿವೆಗೆ ಕೈ ಚಾಚಿದಳು.

“ಇರಲಿ ಬಿಡು ಫುಪ್ಪು” ಎಂದ ತಮ್ಮ. “ಈ ವಯಸ್ಸಿನ್ಯಾಗ ಇನ್ನ ಯಾರ ಅಂಜಿಕಿ? ನೋಡಲಿ.”

“ನೀ ಹೊತ್ತ ಮುಣಗೂದ್ರಾಗ ಉಮದಿಗಿ ಹೋಗಾಂವ” ಎಂದಳು. “ನಾ ಅಳಿಯಾನ ಮನ್ಯಾಗ ಇರಾಕಿ.”

ಅರಿವೆ ಹಣೆಗೆ ಹಿಡಿದು ತುದಿಗಳನ್ನು ಹಿಂದಕ್ಕೆ ಒಯ್ಯಲು ನೋಡಿದಳು. ಬಿಚ್ಚುವುದಕ್ಕೆ ಒಂದು ಕೈ ಸಾಕಾಗಿತ್ತು, ಕಟ್ಟುವುದಕ್ಕೆ ಎರಡೂ ಬೇಕು. ಬಿಲ್ಲು ಹೊಡೆದು ಹೊಡೆದು ಸವೆದ ಅವಳ ಬಲ ಭುಜ ಮೇಲೇಳಲಿಲ್ಲ. ದಿನಾ ಮಗಳು ಕಟ್ಟುತ್ತಿದ್ದಳೇನೋ. ಈಗ ಮಗಳ ಕೈಯೆಲ್ಲ ಹಿಟ್ಟು. ಅಂಗಳದಲ್ಲಿ ಗಾಡಿ ನಿಂತಿತು.

ತಮ್ಮ ಅವಳ ಹಿಂದೆ ಮೊಣಕಾಲೂರಿ ಕೂತ. ಸುರುಳಿಗಳನ್ನೆಲ್ಲ ಎರಡೂ ಕೈಯಿಂದ ಒಳಗೆ ಒತ್ತಿದ, ಕಿವಿಯ ಹತ್ತಿರ ಹೊರಗೆ ಉಳಿದದ್ದನ್ನು ಬೆರಳಿನಿಂದ ಒಳಗೆ ಸೇರಿಸಿದ, ತುದಿಗಳನ್ನು ಜಗ್ಗಿ ಗಂಟು ಹಾಕಿದ.

“ಸಾಕೇನು?” ಎಂದ.

“ಇನ್ನಾ ಸ್ವಲ್ಪ ಬಿಗಿ ಮಾಡಪಾ” ಎಂದಳು.